ಮೂರು ನಿಮಿಷದ ಹಾಳೆ: ವಿದ್ಯಾರ್ಥಿ ಚಿಕಿತ್ಸಕರಿಗೆ ಕಾಯುವುದನ್ನು ಕಲಿಸಿದ ನನ್ನ ಅನುಭವ

ವಾಕ್ ಮತ್ತು ಭಾಷಾ ಚಿಕಿತ್ಸೆಯ ವಿದ್ಯಾರ್ಥಿಗಳನ್ನು ಕ್ಲಿನಿಕ್ಕಿನಲ್ಲಿ ಮೇಲ್ವಿಚಾರಣೆ ಮಾಡಿದವರಿಗೆ ಹೊಸದಾಗಿ ಹೇಳಬೇಕಾಗಿಲ್ಲದ ಸಂಗತಿಯೊಂದಿದೆ: ಸೆಷನ್ನಿನಲ್ಲಿ ಕ್ಲೈಂಟ್‌ಗಿಂತ ವಿದ್ಯಾರ್ಥಿಗಳೇ ಹೆಚ್ಚು ಮಾತನಾಡುತ್ತಾರೆ. ನಾನು ಅಳೆಯಲು ಶುರುಮಾಡಿದಾಗ ಒಟ್ಟು ಮಾತಿನಲ್ಲಿ ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಯದ್ದೇ ಆಗಿತ್ತು. ಈಗ ನನ್ನ ಬಳಿ ಪೋಸ್ಟಿಂಗ್ (ಕ್ಲಿನಿಕ್ಕಿನ ತರಬೇತಿ ಅವಧಿ) ಮುಗಿಸಿ ಹೋಗುವವರಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಮೂರು ನಿಮಿಷದ ಧ್ವನಿಮುದ್ರಣ: ವಿದ್ಯಾರ್ಥಿ ತನ್ನ ಸೆಷನ್ನಿನ ಮೂರು ನಿಮಿಷದ ಮಾತನ್ನು ಕೇಳಿ ಕೈಯಾರೆ ಬರೆಯುತ್ತಾನೆ. “ಬರೆಸಿದರೆ ಬರವಣಿಗೆ ಬರುತ್ತದೆ, ಚಿಕಿತ್ಸೆ ಬರುವುದಿಲ್ಲ” ಎಂದು ನನ್ನ ಸಹೋದ್ಯೋಗಿಯೊಬ್ಬರು ವಿಭಾಗದ ಸಭೆಯಲ್ಲೇ ಹೇಳಿದ್ದರು. ಕಳೆದ ವರ್ಷದಿಂದ ಅವರ ವಿದ್ಯಾರ್ಥಿಗಳೂ ಇದೇ ಹಾಳೆಯನ್ನು ತುಂಬುತ್ತಿದ್ದಾರೆ. ಆದ್ದರಿಂದ ಬರೆದಿಡಲು ಇದು ಸರಿಯಾದ ಸಮಯವೆಂದು ಭಾವಿಸಿದ್ದೇನೆ.

ನಮ್ಮ ತರಬೇತಿಯ ಲೆಕ್ಕವೆಲ್ಲ ಗಂಟೆಗಳಲ್ಲಿ ನಡೆಯುತ್ತದೆ. ಅಮೆರಿಕದ ವಾಕ್-ಭಾಷಾ-ಶ್ರವಣ ಸಂಘವಾದ ಆಶಾ ಪ್ರಮಾಣಪತ್ರಕ್ಕೆ 400 ಗಂಟೆಗಳನ್ನು ಕೇಳುತ್ತದೆ: 25 ಗಂಟೆ ವೀಕ್ಷಣೆ, 375 ಗಂಟೆ ಕ್ಲೈಂಟ್‌ಗಳೊಂದಿಗೆ ನೇರ ಕೆಲಸ. ಗಂಟೆ ತುಂಬಿತೇ ಎಂದು ಲಾಗ್‌ಬುಕ್ ಹೇಳುತ್ತದೆಯೇ ಹೊರತು ಆ ಗಂಟೆಯಲ್ಲಿ ಮಗು ಎಷ್ಟು ಸಲ ಬಾಯಿ ತೆರೆಯಿತು ಎಂಬುದನ್ನು ಹೇಳುವುದಿಲ್ಲ. ಸೆಷನ್ ಮುಗಿದ ಮೇಲಿನ ಚರ್ಚೆಯ ಕಥೆಯೂ ಅಷ್ಟೇ. ಅಲ್ಲಿ ಬಹುಪಾಲು ಮಾತು ಸೂಪರ್‌ವೈಸರ್‌ರದ್ದೇ ಆಗಿರುತ್ತದೆ ಎಂಬುದನ್ನು 1970ರ ದಶಕದ ಅಧ್ಯಯನಗಳೇ ತೋರಿಸಿದ್ದವು. ನಮ್ಮ ಕ್ಷೇತ್ರದ ಮೇಲ್ವಿಚಾರಣೆಯ ಬಗ್ಗೆ ಬರೆದ ಜೀನ್ ಆಂಡರ್ಸನ್ 1988ರಲ್ಲಿ ಮೇಲ್ವಿಚಾರಣೆಯನ್ನು ಮೌಲ್ಯಮಾಪನದ ಹಂತದಿಂದ ಸ್ವಯಂ ಮೇಲ್ವಿಚಾರಣೆಯ ಹಂತದವರೆಗಿನ ಒಂದು ಹಾದಿಯಾಗಿ ವಿವರಿಸಿದರು. ಆ ಹಾದಿಯನ್ನು ನಾವೆಲ್ಲರೂ ಪಾಠ ಮಾಡುತ್ತೇವೆ. ಆದರೆ ವಿದ್ಯಾರ್ಥಿಯನ್ನು ಮೊದಲ ಹಂತದಿಂದ ಕೊನೆಯ ಹಂತಕ್ಕೆ ಕರೆದೊಯ್ಯುವ ಸಾಧನ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿಲ್ಲ.

ಮೊದಲು ಹಣ ಹಾಳಾದ ಬಗೆಯನ್ನು ಹೇಳಿಬಿಡುತ್ತೇನೆ. ಸಲಕರಣೆಗಳಿಗೆಂದು ಬಂದ ವರ್ಷದ ಮೊತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎರಡು ಚಿಕಿತ್ಸಾ ಕೊಠಡಿಗಳ ಕ್ಯಾಮೆರಾ ವ್ಯವಸ್ಥೆಗೆ ಹೋಯಿತು. ಚಿತ್ರ ಅತ್ಯುತ್ತಮವಾಗಿ ಬರುತ್ತಿತ್ತು. ಧ್ವನಿ ಮಾತ್ರ ಚಾವಣಿಯ ಮೈಕಿನದ್ದು. ಫ್ಯಾನಿನ ಸದ್ದಿನಲ್ಲಿ ಮಗು ಹೇಳಿದ್ದು “ಕಾ” ಎಂದೋ “ತಾ” ಎಂದೋ ತಿಳಿಯುತ್ತಿರಲಿಲ್ಲ. ಉಚ್ಚಾರಣಾ ದೋಷದ ಸೆಷನ್ನಿನಲ್ಲಿ ಅದು ಕೇಳಿಸದಿದ್ದರೆ ಮುಖದ ಸ್ಪಷ್ಟ ಚಿತ್ರದಿಂದ ಸಿಗುವ ಪ್ರಯೋಜನ ಅಲ್ಪ. ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಸಾಧಾರಣ ಧ್ವನಿಮುದ್ರಕ ಮತ್ತು ಮಗುವಿನ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು. ಇವೆರಡರ ಬೆಲೆ ಕ್ಯಾಮೆರಾಗಳ ಮೊತ್ತದಲ್ಲಿ ನೂರಕ್ಕೆ ಎರಡರಷ್ಟೂ ಇರಲಿಲ್ಲ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸುವುದನ್ನು ಮರೆಯಬಾರದು, ಏಕೆಂದರೆ ಮರದ ಆಟಿಕೆಯ ಒಂದು ಪೆಟ್ಟು ಒಂದು ವ್ಯಂಜನವನ್ನೇ ನುಂಗಿಬಿಡುತ್ತದೆ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮುದ್ರಣವಿಲ್ಲ. ಕಡತಗಳು ವಿಭಾಗದ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ, ವಿದ್ಯಾರ್ಥಿಗಳ ಮೊಬೈಲಿನಲ್ಲಿ ಎಂದೂ ಇರುವುದಿಲ್ಲ, ಮತ್ತು ಪೋಸ್ಟಿಂಗ್ ಮುಗಿದೊಡನೆ ಅಳಿಸಿಹೋಗುತ್ತವೆ.

ಧ್ವನಿ ಸರಿಹೋದ ಮೇಲೂ ವಿಧಾನ ಸರಿಹೋಗಲು ಎರಡು ತಂಡಗಳು ಬೇಕಾದವು. ಇಡೀ ಸೆಷನ್ನನ್ನು ಬರೆಯಿರಿ ಎಂದಾಗ, ಒಂದು ನಿಮಿಷದ ಮಾತನ್ನು ಅಕ್ಷರಕ್ಕಿಳಿಸಲು ಹೊಸಬರಿಗೆ ಹತ್ತು ನಿಮಿಷವಾದರೂ ಹಿಡಿಯುತ್ತಿದ್ದುದರಿಂದ, ಮುಕ್ಕಾಲು ಗಂಟೆಯ ಸೆಷನ್ ಒಂದು ಇಡೀ ದಿನವನ್ನು ತಿನ್ನುತ್ತಿತ್ತು. ಅರ್ಧಕ್ಕೆ ಬರುವ ವೇಳೆಗೆ ಅವರ ಬೆರಳು ಬರೆಯುತ್ತಿತ್ತು, ಕಿವಿ ಕೇಳುತ್ತಿರಲಿಲ್ಲ. ಮುಂದಿನ ತಂಡಕ್ಕೆ ಮೂರೇ ನಿಮಿಷ ಸಾಕು, ನೀವೇ ಆರಿಸಿಕೊಳ್ಳಿ ಎಂದಾಗ ಎಲ್ಲರೂ ತಮ್ಮ ಅತ್ಯುತ್ತಮ ಮೂರು ನಿಮಿಷವನ್ನೇ ತಂದರು. ಈಗ ಆಯ್ಕೆ ಅವರದ್ದೂ ಅಲ್ಲ, ನನ್ನದೂ ಅಲ್ಲ. ಅದು ನಡೆಯುವ ಬಗೆಯನ್ನು ಇಲ್ಲಿ ಬರೆದರೆ ನನ್ನ ಮುಂದಿನ ತಂಡವೂ ಓದುತ್ತದೆಯಾದ್ದರಿಂದ ಅಷ್ಟನ್ನು ಬಿಟ್ಟಿದ್ದೇನೆ.

ಹಾಳೆಯಲ್ಲಿ ನಾಲ್ಕು ಅಂಕಣಗಳಿವೆ: ಸಮಯ, ವಿದ್ಯಾರ್ಥಿಯ ಮಾತು, ಕ್ಲೈಂಟಿನ ಪ್ರತಿಕ್ರಿಯೆ, ಇವೆರಡರ ನಡುವಿನ ಮೌನ ಸೆಕೆಂಡುಗಳಲ್ಲಿ. ವಿದ್ಯಾರ್ಥಿಯ ಮಾತನ್ನು ಒಂದಕ್ಷರವೂ ಬಿಡದೆ, ತಿದ್ದದೆ ಬರೆಯಬೇಕು. ಕ್ಲೈಂಟಿನ ಮಾತಿಗೆ ಐಪಿಎ (ಉಚ್ಚಾರವನ್ನು ಕೇಳಿದಂತೆಯೇ ಬರೆಯುವ ಅಂತರರಾಷ್ಟ್ರೀಯ ಧ್ವನಿಲಿಪಿ) ಕಡ್ಡಾಯ. “ಕ”ಕಾರದ ಬದಲು “ತ”ಕಾರ ಬಳಸುತ್ತಿದ್ದ ನಾಲ್ಕು ವರ್ಷದ ಮಗುವಿನೊಂದಿಗೆ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳ ಹಾಳೆಯ ಎರಡನೆಯ ಅಂಕಣದಲ್ಲಿ, ಒಂದೇ ಉಸಿರಿಗೆ, ಹೀಗಿತ್ತು: “ಇದೇನಿದು? ಕಾಗೆ ಅಲ್ವಾ? ಕಾಗೆ ಅನ್ನು. ನನ್ನ ಬಾಯಿ ನೋಡು, ಕ, ಕ, ಕಾಗೆ. ಹೇಳ್ತೀಯಾ? ಹಾಂ, ಗುಡ್!” ಮೂರನೆಯ ಅಂಕಣ ಖಾಲಿಯಾಗಿತ್ತು. ಮಗು ತುಟಿಯನ್ನೇ ಬಿಚ್ಚಿರಲಿಲ್ಲ. ಆದರೂ ಅದಕ್ಕೆ ಒಂದು ಪ್ರಶ್ನೆ, ಅದರ ಉತ್ತರ, ಮಾದರಿ, ಕ್ಯೂ (ಉಚ್ಚರಿಸಲು ನೆರವಾಗುವ ಸುಳಿವು) ಮತ್ತು ಶಹಭಾಸ್ ಎಲ್ಲವೂ ಐದಾರು ಸೆಕೆಂಡುಗಳಲ್ಲಿ ಸಂದಿದ್ದವು. ಅದೇ ಸೆಷನ್ನಿನ ಬಗ್ಗೆ ಹಿಂದಿನ ದಿನ ನಾನು “ಸ್ವಲ್ಪ ಕಾಯಬೇಕು” ಎಂದಾಗ ಅವಳು “ಕಾಯುತ್ತಿದ್ದೇನಲ್ಲ” ಎಂದಿದ್ದಳು. ತನ್ನ ಕೈಬರಹದಲ್ಲೇ ಆ ಸಾಲನ್ನು ಕಂಡ ಮೇಲೆ ನನಗೆ ಹೇಳಲು ಏನೂ ಉಳಿಯಲಿಲ್ಲ, ಮತ್ತು ನಾನು ಏನನ್ನೂ ಹೇಳಲಿಲ್ಲ.

ಹೇಳದಿರುವುದು ಈ ವಿಧಾನದ ಅರ್ಧ ಭಾಗ. ಚರ್ಚೆಯ ಮೊದಲ ಐದು ನಿಮಿಷ ಸೂಪರ್‌ವೈಸರ್ ಬಾಯಿ ತೆರೆಯುವಂತಿಲ್ಲ. ವಿದ್ಯಾರ್ಥಿ ತನ್ನ ಹಾಳೆಯನ್ನು ಗಟ್ಟಿಯಾಗಿ ಓದಿ, ತನ್ನ ಪ್ರತಿಯೊಂದು ಮಾತಿನ ಪಕ್ಕದಲ್ಲೂ ಅದು ಪ್ರಶ್ನೆಯೋ, ಕ್ಯೂ ಆಗಿತ್ತೋ, ಹೊಗಳಿಕೆಯೋ, ಸುಮ್ಮನೆ ಜಾಗ ತುಂಬಿಸಿದ್ದೋ ಎಂದು ಒಂದಕ್ಷರದ ಗುರುತು ಹಾಕಬೇಕು. ಇನ್ನೊಬ್ಬ ವಿದ್ಯಾರ್ಥಿ ಅದೇ ಮೂರು ನಿಮಿಷಕ್ಕೆ ಪ್ರತ್ಯೇಕವಾಗಿ ಗುರುತು ಹಾಕಿರುತ್ತಾನೆ. ಇಬ್ಬರ ಗುರುತುಗಳು ಶೇಕಡಾ 80ರಷ್ಟು ಹೊಂದದಿದ್ದರೆ ಮತ್ತೆ ಕೇಳುತ್ತಾರೆ. ಆಮೇಲೆ ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಯಾವುದೆಂದು ಕೇಳಿದವರಿಗೆಲ್ಲ, ಇಪ್ಪತ್ತು ಹಾಳೆಗಳನ್ನು ಓದಿ, ಅದು ನಿಮಗೇ ಹೊಳೆಯುತ್ತದೆ ಎಂದಷ್ಟೇ ಹೇಳಿ ಕಳಿಸಿದ್ದೇನೆ.

ಕೈಬರಹದ ಶ್ರಮವನ್ನು ತಪ್ಪಿಸಬಹುದೇ ಎಂದು ಧ್ವನಿ ವಿಶ್ಲೇಷಣೆಯ ಪ್ರಾಟ್ ತಂತ್ರಾಂಶದಲ್ಲಿ ಮೌನವನ್ನು ತಾನಾಗಿ ಗುರುತಿಸುವ ಆದೇಶವನ್ನೂ ಬಳಸಿ ನೋಡಿದೆ. ಆ ಆದೇಶ ಮೌನವನ್ನು ಹುಡುಕಿಕೊಡುತ್ತದೆ. ಮೌನದ ಆಚೀಚೆ ಮಾತನಾಡಿದವರು ಯಾರೆಂಬುದನ್ನು ಹೇಳುವುದಿಲ್ಲ, ಆಟಿಕೆಯ ಸದ್ದನ್ನೂ ಮಾತೆಂದೇ ಎಣಿಸುತ್ತದೆ. ಧ್ವನಿಮುದ್ರಣಕ್ಕೆ ಟಿಪ್ಪಣಿ ಸೇರಿಸುವ ಇಲಾನ್ ತಂತ್ರಾಂಶದಲ್ಲಿ ವಿದ್ಯಾರ್ಥಿಗೊಂದು, ಕ್ಲೈಂಟಿಗೊಂದು ಸಾಲು ಮಾಡಿದಾಗ ಅಳತೆ ಬಲು ನಿಖರವಾಗಿ ಬಂತು, ಆದರೆ ವಿದ್ಯಾರ್ಥಿಗಳ ನಡವಳಿಕೆ ಬದಲಾಗಲಿಲ್ಲ. ತನ್ನ ಮಾತನ್ನು ಕೈಯಾರೆ ಬರೆಯುವಾಗ ಆಗುವ ಮುಜುಗರವೇ ಇಲ್ಲಿ ಕೆಲಸ ಮಾಡುತ್ತದೆ ಎಂಬುದು ನನ್ನ ಅಂದಾಜು. ಎರಡೂ ತಂತ್ರಾಂಶಗಳು ಉಚಿತವಾದ್ದರಿಂದ ಹಣವಾದರೂ ಉಳಿಯಿತು.

ಕೃತಕ ಕ್ಲೈಂಟ್‌ಗಳ ಪ್ರಯೋಗದಲ್ಲಿ ಅದೂ ಉಳಿಯಲಿಲ್ಲ. ಸಿಮ್ಯುಲೇಷನ್ ಕಲಿಕೆಯನ್ನು, ಅಂದರೆ ನಿಜವಾದ ಕ್ಲೈಂಟಿನ ಬದಲು ಅನುಕರಣೆಯೊಂದಿಗೆ ಕಲಿಯುವುದನ್ನು, ನಾನು ಅಲ್ಲಗಳೆಯುವುದಿಲ್ಲ; ಆಶಾ ಕೂಡ 375ರಲ್ಲಿ 75 ಗಂಟೆಗಳವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ. ನಾವು ಸಂಭಾವನೆ ಕೊಟ್ಟು ಕರೆಸಿದ ನಟರು ಅಫೇಸಿಯಾವನ್ನು, ಅಂದರೆ ಮಿದುಳಿನ ಹಾನಿಯಿಂದ ಭಾಷೆ ಕುಂದುವ ತೊಂದರೆಯನ್ನು, ಚೆನ್ನಾಗಿಯೇ ಅಭಿನಯಿಸುತ್ತಿದ್ದರು, ಆದರೆ ಮೂರನೆಯ ವಿದ್ಯಾರ್ಥಿ ಒಳಗೆ ಬರುವ ಹೊತ್ತಿಗೆ ಅವರ ಅಫೇಸಿಯಾ ಅರ್ಧ ವಾಸಿಯಾಗಿರುತ್ತಿತ್ತು. ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಖರ್ಚೇ ಇಲ್ಲದ ಹಳೆಯ ಅಭ್ಯಾಸ: ವಿದ್ಯಾರ್ಥಿಗಳೇ ಹೊರಗಿನವರೊಂದಿಗೆ ಬೇಕೆಂದೇ ಉಗ್ಗಿ ಮಾತನಾಡಿ ಬರುವುದು. ತಮ್ಮ ವಾಕ್ಯವನ್ನು ಬೇರೆಯವರು ಮುಗಿಸಿದಾಗ ಹೇಗಾಗುತ್ತದೆಂದು ಒಮ್ಮೆ ತಿಳಿದವರು ಹಾಳೆಯ ನಾಲ್ಕನೆಯ ಅಂಕಣವನ್ನು ಬೇರೆಯೇ ಗಮನದಿಂದ ತುಂಬುತ್ತಾರೆ. ಹೀಗಾಗಿ ಈ ಅಭ್ಯಾಸವನ್ನು ಮೊದಲ ವಾರಕ್ಕೇ ತಂದಿಟ್ಟಿದ್ದೇನೆ.

ಫಲಿತಾಂಶವನ್ನು ನೆನಪಿನಿಂದ ಹೇಳುವುದಾದರೆ, ಮಕ್ಕಳ ಉಚ್ಚಾರಣಾ ಸೆಷನ್‌ಗಳಲ್ಲಿ ಮೂರು ನಿಮಿಷಕ್ಕೆ ಎಂಟು–ಹತ್ತು ಇದ್ದ ಮಗುವಿನ ಉಚ್ಚಾರಗಳು, ವಾರಕ್ಕೊಂದು ಹಾಳೆಯಂತೆ ಆರೇಳು ವಾರ ಕಳೆಯುವಷ್ಟರಲ್ಲಿ ಇಪ್ಪತ್ತರ ಆಚೆ ಹೋಗುತ್ತವೆ. ಅಭ್ಯಾಸದ ಪ್ರಮಾಣದ ಮಹತ್ವ ನಮಗೆಲ್ಲ ತಿಳಿದದ್ದೇ. ಬಾಲ್ಯದ ವಾಕ್ ಅಪ್ರಾಕ್ಸಿಯಾ (ಮಾತಿಗೆ ಬೇಕಾದ ಚಲನೆಗಳನ್ನು ಮಿದುಳು ಸರಿಯಾಗಿ ಯೋಜಿಸಲಾಗದ ತೊಂದರೆ) ಇರುವ ಇಬ್ಬರು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲೂ ಒಂದು ಸೆಷನ್ನಿಗೆ ನೂರಕ್ಕಿಂತ ಹೆಚ್ಚು ಉಚ್ಚಾರ ಮಾಡಿಸಿದ ಧ್ವನಿಗಳೇ ಬೇಗ ಸುಧಾರಿಸಿದ್ದವು. ಕಾಯುವ ಅವಧಿ ಮೊದಲ ಹಾಳೆಗಳಲ್ಲಿ ಒಂದು ಸೆಕೆಂಡನ್ನು ಮುಟ್ಟುವುದೇ ಅಪರೂಪ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ಶಿಕ್ಷಕರಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಅವರು ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ನನ್ನ ವಿದ್ಯಾರ್ಥಿಗಳೂ ಮೂರು ಸೆಕೆಂಡಿಗೆ ಬಂದು ನಿಲ್ಲುತ್ತಾರೆ. ಪ್ರತಿ ಹಾಳೆಗೆ ನನ್ನ ಕಡೆಯಿಂದ ಹೋಗುವುದು ಹತ್ತು ನಿಮಿಷ. ಹಿಂದೆ ಪುಟಗಟ್ಟಲೆ ಷರಾ ಬರೆಯಲು ಇದರ ಮೂರು ಪಟ್ಟು ಹಿಡಿಯುತ್ತಿತ್ತು.

ಮಕ್ಕಳೊಂದಿಗೆ ಕಲಿತ ಈ ಕಾಯುವಿಕೆ ವಯಸ್ಕರ ಸೆಷನ್ನಿಗೆ ತಾನಾಗಿ ದಾಟುವುದಿಲ್ಲ ಎಂಬುದನ್ನು ಮಾತ್ರ ಇದನ್ನು ಅಳವಡಿಸಿಕೊಳ್ಳುವವರು ಗಮನದಲ್ಲಿಡಬೇಕು. ಅಫೇಸಿಯಾ ಇರುವ ವ್ಯಕ್ತಿ ಒಂದು ಪದಕ್ಕಾಗಿ ಎಂಟು–ಹತ್ತು ಸೆಕೆಂಡು ತಡಕಾಡುವಾಗ, ಮೂರು ಸೆಕೆಂಡಿಗೆ ಪಳಗಿದ ವಿದ್ಯಾರ್ಥಿ ನಾಲ್ಕನೆಯದಕ್ಕೆ ಮೊದಲ ಅಕ್ಷರವನ್ನು ಒದಗಿಸಿಬಿಡುತ್ತಾನೆ. ಅಂಥವರು ಆ ಪೋಸ್ಟಿಂಗಿನಲ್ಲಿ ಹಾಳೆಯನ್ನು ಮೊದಲಿನಿಂದ ಆರಂಭಿಸಬೇಕು, ಎರಡೇ ವಾರ ಸಾಕು. ನುಂಗುವಿಕೆಯ ತೊಂದರೆಯ ಸೆಷನ್‌ಗಳಿಗೆ ಇದೇ ಹಾಳೆ ಹೊಂದುವುದಿಲ್ಲ. ಅದಕ್ಕೆ ಐದನೆಯ ಅಂಕಣವೊಂದನ್ನು ಸೇರಿಸಿ ಈ ತಂಡದೊಂದಿಗೆ ಪರೀಕ್ಷಿಸುತ್ತಿದ್ದೇನೆ.