ಹಳೆಯ ಆಟಿಕೆ ಟ್ರಾಮನ್ನು ಅಡಿಯಿಂದ ಓದುವುದು: ತಯಾರಕರು, ಕಾಲ, ಮತ್ತೆ ಓಡಿಸುವ ಬಗೆ

ಹಳೆಯ ಆಟಿಕೆ ಟ್ರಾಮೊಂದು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಬಣ್ಣ ಮತ್ತು ಪಕ್ಕದಲ್ಲಿ ಬರೆದ ಊರಿನ ಹೆಸರು. ಮೋಸ ಹೋಗುವುದೂ ಅಲ್ಲೇ. ಬಣ್ಣವನ್ನು ಯಾವ ಕಾಲದಲ್ಲಾದರೂ ಮತ್ತೆ ಬಳಿಯಬಹುದು. ಒಂದೇ ತಗಡಿನ ಡಬ್ಬಿಗೆ ಒಂದು ದೇಶಕ್ಕೆ ಒಂದು ಹೆಸರು, ಇನ್ನೊಂದು ದೇಶಕ್ಕೆ ಇನ್ನೊಂದು ಹೆಸರು ಬರೆದು ಕಳಿಸುವುದು ಜರ್ಮನಿಯ ಕಾರ್ಖಾನೆಗಳ ದಿನನಿತ್ಯದ ವ್ಯಾಪಾರವಾಗಿತ್ತು. ಆದ್ದರಿಂದ ಟ್ರಾಮನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ ಇಡಿ. ಗಾಲಿ, ಇರುಸು, ಮೋಟಾರು, ಮಡಿಚಿದ ತಗಡಿನ ಕಿವಿಗಳು (ಸೀಳಿಗೆ ತೂರಿಸಿ ಬಗ್ಗಿಸಿ ಭಾಗಗಳನ್ನು ಕೂಡಿಸುವ ಪಟ್ಟಿಗಳು), ಒತ್ತಿದ ಮುದ್ರೆ ಇವನ್ನು ಬದಲಿಸುವ ಗೋಜಿಗೆ ಯಾರೂ ಸುಲಭವಾಗಿ ಹೋಗುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಅಯಸ್ಕಾಂತ, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು, ಮಲ್ಟಿಮೀಟರ್. ಓಡಿಸಿ ನೋಡುವುದಾದರೆ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಹಿಡಿತದಲ್ಲಿಡಬಲ್ಲ ಡಿ.ಸಿ. ಪವರ್ ಸಪ್ಲೈ.

ಮೊದಲು ಗಾಲಿಯ ಅಂತರ ಅಳೆಯಿರಿ

1891ರಲ್ಲಿ ಗೋಪಿಂಗನ್ ಊರಿನ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಮೇಳದಲ್ಲಿ ಹಳಿಗಳ ಅಳತೆಗೆ ನಂಬರು ಕೊಟ್ಟು ತೋರಿಸಿತು. ಗೇಜ್ ಎಂಬ ಲೆಕ್ಕಾಚಾರ ಆಟಿಕೆಗಳಿಗೆ ಬಂದದ್ದು ಅಲ್ಲಿಂದ. ಇವತ್ತಿನ ಲೆಕ್ಕದಲ್ಲಿ ಹಳಿಯ ಒಳಅಂಚಿನಿಂದ ಒಳಅಂಚಿಗೆ 45 ಮಿ.ಮೀ. ಇದ್ದರೆ ಗೇಜ್ 1, 32 ಇದ್ದರೆ ಗೇಜ್ 0, 16.5 ಇದ್ದರೆ ಎಚ್‌0. ಇಲ್ಲೊಂದು ತೊಡಕಿದೆ. ಹಳೆಯ ಜರ್ಮನ್ ಕ್ಯಾಟಲಾಗುಗಳು ಹಳಿಯ ನಡುವಿನಿಂದ ನಡುವಿಗೆ ಅಳೆಯುತ್ತಿದ್ದವು. ಹಾಗಾಗಿ ಅಲ್ಲಿ ಗೇಜ್ 1 ಅಂದರೆ 48 ಮಿ.ಮೀ., ಗೇಜ್ 0 ಅಂದರೆ 35. ಕ್ಯಾಟಲಾಗಿನಲ್ಲಿ 48 ಎಂದು ಓದಿ, ಕೈಯಲ್ಲಿರುವುದು 45ಕ್ಕೆ ಹೊಂದುತ್ತಿದೆಯೆಂದು ಅದನ್ನು ನಕಲಿ ಎನ್ನಬೇಡಿ. ಎರಡೂ ಒಂದೇ ಹಳಿ.

ಅಮೆರಿಕದವು ಈ ಸಾಲಿಗೆ ಸೇರುವುದಿಲ್ಲ. ಅಂತರ ಸುಮಾರು 51 ಮಿ.ಮೀ., ಅಂದರೆ ಸರಿಯಾಗಿ ಎರಡಂಗುಲ ಇದ್ದು ಹಳಿ ಬರೀ ಎರಡೇ ಆಗಿದ್ದರೆ ಸಿನ್ಸಿನಾಟಿಯ ಕಾರ್ಲೈಲ್ ಅಂಡ್ ಫಿಂಚ್ ನೆನಪಾಗಬೇಕು. ಸುಮಾರು 73 ಮಿ.ಮೀ. ಇದ್ದರೆ ಲಯನೆಲ್ ಕಂಪನಿಯ ತೀರಾ ಆರಂಭದ ಮಾಲು, 1906ಕ್ಕಿಂತ ಹಿಂದಿನದು. 54 ಮಿ.ಮೀ. ಇದ್ದು ನಡುವಿನ ಮೂರನೇ ಹಳಿಯಿಂದ ಕರೆಂಟ್ ಪಡೆಯುವ ರೋಲರ್ ಅಡಿಯಲ್ಲಿ ಇದ್ದರೆ, ಅದೇ ಲಯನೆಲ್ 1906ರಿಂದ ತಂದ ‘ಸ್ಟ್ಯಾಂಡರ್ಡ್’ ಗೇಜ್.

ಗಾಲಿಯ ಅಂತರವನ್ನು ಒಂದೇ ಕಡೆ ಅಳೆದು ಬಿಡಬೇಡಿ. ಮುಂದಿನ ಜೋಡಿ, ಹಿಂದಿನ ಜೋಡಿ ಎರಡನ್ನೂ ಅಳೆಯಿರಿ. ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಲಿ ಇರುಸಿನ ಮೇಲೆ ಜಾರಿದೆ, ಇಲ್ಲವೇ ಯಾರೋ ಬೇರೆ ಗಾಡಿಯ ಗಾಲಿ ಹಾಕಿದ್ದಾರೆ.

ಮುದ್ರೆ ಓದುವುದು

ನ್ಯೂರೆಂಬರ್ಗ್ ಆಟಿಕೆಗಳ ತವರು. 1896ರಲ್ಲಿ ಆ ಊರಿನ ಬೀದಿಯಲ್ಲೇ ವಿದ್ಯುತ್ ಟ್ರಾಮ್ ಓಡತೊಡಗಿತು. ಕಾರ್ಖಾನೆಯವರಿಗೆ ಮಾದರಿ ಹುಡುಕಲು ಹೊಸಿಲು ದಾಟಿದರೆ ಸಾಕಿತ್ತು. ಆ ಊರಿನ ಮುದ್ರೆಗಳನ್ನು ಗುರುತಿಸಲು ಕಲಿತರೆ ತಗಡಿನ ಟ್ರಾಮುಗಳಲ್ಲಿ ಅರ್ಧ ಕೆಲಸ ಮುಗಿದಂತೆ.

‘ಜಿ.ಬಿ.ಎನ್.’ ಅಂದರೆ ಗೆಬ್ರೂಡರ್ ಬಿಂಗ್, ನ್ಯೂರ್ನ್‌ಬೆರ್ಗ್: ಇಗ್ನಾಟ್ಸ್ ಮತ್ತು ಅಡಾಲ್ಫ್ ಬಿಂಗ್ ಸಹೋದರರ ಕಂಪನಿ. ಮೊದಲ ಮಹಾಯುದ್ಧದ ನಂತರ ಅದೇ ಕಂಪನಿಯ ಮುದ್ರೆ ‘ಬಿ.ಡಬ್ಲ್ಯು.’ ಆಯಿತು. 1930ರ ದಶಕದ ಆರಂಭದಲ್ಲಿ ಬಿಂಗ್ ಬಾಗಿಲು ಹಾಕಿತು. ಹೀಗಾಗಿ ‘ಬಿ.ಡಬ್ಲ್ಯು.’ ಇರುವ ಟ್ರಾಮಿನ ವಯಸ್ಸನ್ನು ಹತ್ತು ಹದಿನೈದು ವರ್ಷದ ಕಿಂಡಿಯೊಳಗೆ ಕೂರಿಸಬಹುದು. ‘ಎ.ಎಸ್.ಜಿ.ಡಬ್ಲ್ಯು.’ ಎಂದಿದ್ದರೆ ಗ್ಯುಂಟರ್‌ಮನ್. ಆ ನಾಲ್ಕಕ್ಷರದ ಮುದ್ರೆ ಸುಮಾರು 1919ರ ತನಕದ್ದು, ಆಮೇಲಿನವುಗಳಲ್ಲಿ ‘ಎಸ್.ಜಿ.’ ಮಾತ್ರ. ಗ್ಯುಂಟರ್‌ಮನ್ ಟ್ರಾಮುಗಳು ಬಹುತೇಕ ಕೀಲಿ ಕೊಟ್ಟು ನೆಲದ ಮೇಲೆ ಬಿಡುವ ಗಾಡಿಗಳು. ಗಾಲಿಗೆ ಹಳಿಯಿಂದ ಜಾರದಂತೆ ತಡೆಯುವ ಅಂಚುಪಟ್ಟಿ ಇಲ್ಲದಿದ್ದರೆ ಹಳಿ ಕಳೆದುಹೋಗಿದೆ ಎಂದು ಹುಡುಕುವ ಅಗತ್ಯವೇ ಇಲ್ಲ. ಅದಕ್ಕೆ ಹಳಿ ಇರಲೇ ಇಲ್ಲ.

ಜಾರ್ಜ್ ಕಾರೆಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಫ್ರೆಂಚ್ ಮೂಲದ ಈತ 1886ರಲ್ಲಿ ನ್ಯೂರೆಂಬರ್ಗಿನಲ್ಲಿ ಕಾರ್ಖಾನೆ ಹೂಡಿ, 1893ರಲ್ಲಿ ಷಿಕಾಗೋ ಜಾಗತಿಕ ಮೇಳಕ್ಕೆ ವಿದ್ಯುತ್ತಿನಿಂದ ಓಡುವ ಆಟಿಕೆ ಟ್ರಾಮನ್ನು ಒಯ್ದ. ಬರ್ಲಿನ್ ಬಳಿಯ ಲಿಷ್ಟರ್‌ಫೆಲ್ಡೆಯಲ್ಲಿ ಸೀಮೆನ್ಸ್ ನಿಜವಾದ ವಿದ್ಯುತ್ ಟ್ರಾಮ್ ಓಡಿಸಿ ಆಗ ಹನ್ನೆರಡೇ ವರ್ಷವಾಗಿತ್ತು. ಯುದ್ಧ ಬಂದಾಗ ಫ್ರೆಂಚನೊಬ್ಬ ಜರ್ಮನಿಯಲ್ಲಿ ವ್ಯಾಪಾರ ಮಾಡುವುದು ಆಗದ ಮಾತಾಯಿತು. 1917ಕ್ಕೆ ಕಾರ್ಖಾನೆ ಮುಚ್ಚಿತು. ಆದ್ದರಿಂದ ಕಾರೆಟ್ ಮುದ್ರೆ ಇದ್ದರೆ ಅದು ನೂರು ವರ್ಷ ದಾಟಿದೆ, ಅನುಮಾನ ಬೇಡ.

ಕಂಪನಿಯ ಮುದ್ರೆ ಸಿಗದಿದ್ದರೆ ದೇಶದ ಮುದ್ರೆ ನೋಡಿ. ‘ಡಿ.ಆರ್.ಜಿ.ಎಂ.’ ಜರ್ಮನಿಯ ಉಪಯುಕ್ತ ಮಾದರಿಗಳ ನೋಂದಣಿ. ಅದು 1891ಕ್ಕಿಂತ ಹಿಂದೆ ಇರಲಿಲ್ಲ. ‘ಡಿ.ಆರ್.ಪಿ.’ ಪೇಟೆಂಟಿನ ಗುರುತು. ಬ್ರಿಟನ್ನಿನ 1887ರ ಕಾಯಿದೆ, ಅಮೆರಿಕದ 1890ರ ಸುಂಕದ ಕಾಯಿದೆ ಇವೆರಡೂ ಆಮದು ಮಾಲಿನ ಮೇಲೆ ದೇಶದ ಹೆಸರು ಬರುವಂತೆ ಮಾಡಿದವು. ‘ಯು.ಎಸ್. ಝೋನ್ ಜರ್ಮನಿ’ ಎಂದರೆ 1945ರ ನಂತರದ ಕೆಲವೇ ವರ್ಷಗಳ ಮಾಲು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದರೆ 1952ರೊಳಗಿನದು. ಇವೆರಡು ಮುದ್ರೆಗಳಷ್ಟು ಖಚಿತವಾಗಿ ಕಾಲ ಹೇಳುವ ಗುರುತು ಇನ್ನೊಂದಿಲ್ಲ.

ಅಟ್ಲಾಂಟಿಕ್ ಆಚೆ, ಮತ್ತೆ ಎರಕದ ಕಾಲ

ಕಾರ್ಲೈಲ್ ಅಂಡ್ ಫಿಂಚ್ 1890ರ ದಶಕದ ಕೊನೆಯಲ್ಲಿ ಬ್ಯಾಟರಿಯಿಂದ ಓಡುವ ನಾಲ್ಕು ಗಾಲಿಯ ಟ್ರಾಮ್ ಮಾರಿತು. ಹಳಿ ಎಂದರೆ ಮರದ ಸೀಳುಗಳಲ್ಲಿ ನಿಲ್ಲಿಸುವ ಲೋಹದ ಪಟ್ಟಿ, ಅಷ್ಟೇ. ಇವತ್ತು ಆ ಪಟ್ಟಿಗಳು ಉಳಿದಿರುವುದು ಅಪರೂಪ. ಮೂಲ ಪಟ್ಟಿಗಳ ಜೊತೆಗೆ ಬಂದರೆ ಅವನ್ನು ಬಿಸಾಡಬೇಡಿ, ನೇರ ಮಾಡಲೂ ಹೋಗಬೇಡಿ. ಲಯನೆಲ್ ತನ್ನ ಆರಂಭದ ‘ಸಿಟಿ ಹಾಲ್ ಪಾರ್ಕ್’ ಟ್ರಾಮಿಗೆ ದೇಹವನ್ನು ತಾನೇ ಮಾಡಲಿಲ್ಲ, ಮ್ಯಾಸಚುಸೆಟ್ಸಿನ ಕನ್ವರ್ಸ್ ಎಂಬ ಆಟಿಕೆ ಕಂಪನಿಯಿಂದ ತಂದು ಅದಕ್ಕೆ ಮೋಟಾರು ಕೂಡಿಸಿತು. ಹಾಗಾಗಿ ಖಾಲಿ ಕನ್ವರ್ಸ್ ದೇಹಕ್ಕೆ ಆಮೇಲೆ ಮೋಟಾರು ಸೇರಿಸಿ ‘ಲಯನೆಲ್’ ಎಂದು ಮಾರುವುದು ಸುಲಭ. ನೆಲಹಲಗೆಯ ತೂತುಗಳ ಅಂಚು ನೋಡಿ: ಕಾರ್ಖಾನೆಯ ತೂತಿನ ಒಳಅಂಚು ಕಂದಿರುತ್ತದೆ, ಹೊಸದಾಗಿ ಕೊರೆದದ್ದು ಹೊಳೆಯುತ್ತದೆ.

1930ರ ದಶಕದಲ್ಲಿ ಟ್ರಾಮ್ ಅಂಗೈಯೊಳಗೆ ಕೂರುವಷ್ಟು ಚಿಕ್ಕದಾಯಿತು. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಮೆಕ್ಯಾನೋ ಕಂಪನಿ 1934ರಲ್ಲಿ ಡಿಂಕಿ ಟಾಯ್ಸ್ ಸಾಲಿನಲ್ಲಿ ನಂಬರ್ 27ರ ಟ್ರಾಮ್ ತಂದಿತು. ಯುದ್ಧ ಬಂದು ಅದು ನಿಂತಿತು. 1956ರಲ್ಲಿ ಲಂಡನ್ನಿನ ಲೆಸ್ನಿ ಕಂಪನಿ ‘ಮಾಡಲ್ಸ್ ಆಫ್ ಯೆಸ್ಟರ್‌ಇಯರ್’ ಸಾಲು ಆರಂಭಿಸಿದಾಗ ಮೂರನೇ ನಂಬರೇ 1907ರ ಲಂಡನ್ ‘ಇ’ ವರ್ಗದ ಟ್ರಾಮ್. ಹೊಸದಾಗಿ ಸಂಗ್ರಹ ಶುರುಮಾಡುವವರಿಗೆ ನಮ್ಮ ಸಲಹೆ ಇದೇ: ಸಿಗುವುದು ಕಷ್ಟವಲ್ಲ, ಲೋಹ ಗಟ್ಟಿ. ಲೋಹದ ಗಾಲಿಯವು ಮೊದಲಿನವು, ಕಪ್ಪು ಪ್ಲಾಸ್ಟಿಕ್ ಗಾಲಿಯವು ನಂತರದವು. ಬೊಂಬಾಯಿಯಲ್ಲಿ 1964ರ ತನಕ ಓಡಿದ ಎರಡಂತಸ್ತಿನ ಟ್ರಾಮುಗಳನ್ನು ಕಂಡವರ ಮನೆಗಳಲ್ಲಿ ಇದನ್ನು ‘ಬೊಂಬಾಯಿ ಟ್ರಾಮ್’ ಎಂದು ಇಟ್ಟುಕೊಂಡಿದ್ದರೂ ಇರಬಹುದು. ಮಾದರಿ ಮಾತ್ರ ಲಂಡನ್ನಿನದು. (ಬೆಂಗಳೂರಿನಲ್ಲಿ ಟ್ರಾಮ್ ಓಡಲೇ ಇಲ್ಲ. ಮದರಾಸಿನಲ್ಲಿ 1895ರಿಂದ 1953ರ ತನಕ ವಿದ್ಯುತ್ ಟ್ರಾಮ್ ಇತ್ತು.)

ಅದೇ ಹೊತ್ತಿಗೆ ನ್ಯೂರೆಂಬರ್ಗಿನಲ್ಲಿ ಹಾನೆಮನ್ ಮತ್ತು ಮೊರಾತ್ ಎಂಬ ಹೆಸರುಗಳ ಮೊದಲಕ್ಷರ ಕೂಡಿಸಿ ‘ಹಾಮೋ’ ಎಂದು ಕರೆದುಕೊಂಡ ಕಂಪನಿ ಎಚ್‌0 ಟ್ರಾಮುಗಳನ್ನೇ ಮುಖ್ಯ ಮಾಲಾಗಿ ಮಾಡಿತು. 1960ರ ದಶಕದಲ್ಲಿ ಮಾರ್ಕ್ಲಿನ್ ಅದನ್ನು ಕೊಂಡು, ಹೆಸರನ್ನು ತನ್ನ ಎರಡು ಹಳಿಯ ಡಿ.ಸಿ. ರೈಲುಗಳಿಗೆ ಬಳಸಿತು. ಹಾಗಾಗಿ ಪೆಟ್ಟಿಗೆಯ ಮೇಲೆ ‘ಹಾಮೋ’ ಎಂದಿದ್ದ ಮಾತ್ರಕ್ಕೆ ಒಳಗಿರುವುದು ಹಳೆಯ ಟ್ರಾಮ್ ಕಾರ್ಖಾನೆಯ ಮಾಲು ಎಂದು ತೀರ್ಮಾನಿಸಬೇಡಿ.

ಮತ್ತೆ ಬಣ್ಣ ಬಳಿದದ್ದೋ, ನಕಲಿಯೋ

ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚು ಹಿಡಿಯಿರಿ. ಹಳೆಯ ಬಣ್ಣ ಸಾಮಾನ್ಯವಾಗಿ ಮಂಕಾಗಿ, ಒಂದೇ ಸಮನಾಗಿ ಕಾಣುತ್ತದೆ. ಆಮೇಲೆ ಮುಟ್ಟಿಸಿದ ಬಣ್ಣ ಬೇರೆ ಛಾಯೆಯಲ್ಲಿ ತೇಪೆಯಂತೆ ಎದ್ದು ಕಾಣುತ್ತದೆ. ಪೆಟ್ಟಿಗೆಯ ಕಾಗದ ನೀಲಿಯಾಗಿ ಫಳ್ಳನೆ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. 1930ರ ದಶಕದ ಪೆಟ್ಟಿಗೆಯಲ್ಲಿ ಅದು ಇರಬಾರದು. ನಕ್ಷತ್ರದ ತಲೆಯ, ಅಂದರೆ ಫಿಲಿಪ್ಸ್ ಸ್ಕ್ರೂ 1930ರ ದಶಕದ ಮಧ್ಯದ ನಂತರದ್ದು. ಕಾರೆಟ್ ಟ್ರಾಮಿನಲ್ಲಿ ಅದು ಕಂಡರೆ ಕನಿಷ್ಠ ಒಮ್ಮೆ ಯಾರೋ ಬಿಚ್ಚಿದ್ದಾರೆ. ತಗಡಿನ ಮೇಲೆ ಅಚ್ಚಾದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೂ ಅನುಮಾನಪಡಿ. ಹಳೆಯ ಕಲ್ಲಚ್ಚಿನಲ್ಲಿ ಬಣ್ಣ ತುಂಬಿ ನಿಂತಿರುತ್ತದೆ.

ಸತುವಿನ ರೋಗ

ಯುದ್ಧಪೂರ್ವದ ಎರಕದ ಟ್ರಾಮ್ ಕೊಳ್ಳುವ ಮುಂಚೆ ಇದನ್ನು ನೋಡದಿದ್ದರೆ ಹಣ ನೀರಿಗೆ ಹಾಕಿದಂತೆ. ಸತುವಿನ ಮಿಶ್ರಲೋಹದಲ್ಲಿ ಸೀಸ ಅತ್ಯಲ್ಪ ಬೆರೆತರೂ ಸಾಕು, ಲೋಹದ ಕಣಗಳ ನಡುವಿನ ಗಡಿಗಳಲ್ಲಿ ಒಳಗಿನಿಂದಲೇ ಕೊರೆತ ಶುರುವಾಗುತ್ತದೆ. ಎರಕದ ಮನೆಯಲ್ಲಿ ಸೀಸದ ಚೂರು, ತವರದ ಬೆಸುಗೆಯ ಚೂರು ಸತುವಿನ ಕರಗುಪಾತ್ರೆಗೆ ಬಿದ್ದರೆ ಆಗುವುದೇ ಇದು. ಲೋಹ ಉಬ್ಬುತ್ತದೆ, ಬಾಗುತ್ತದೆ, ಮೇಲ್ಮೈಯಲ್ಲಿ ಜಾಲದಂತೆ ಬಿರುಕು ಮೂಡುತ್ತದೆ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮೊದಲು ಗಾಲಿಗಳಲ್ಲಿ ನೋಡಿ. ಉಬ್ಬಿದ ಗಾಲಿ ತಿರುಗುವಾಗ ದೇಹಕ್ಕೆ ತಾಗುತ್ತದೆ. ಆಮೇಲೆ ಚಪ್ಪಟೆ ಗಾಜಿನ ಮೇಲೆ ಟ್ರಾಮ್ ಇಟ್ಟು ನಾಲ್ಕೂ ಮೂಲೆ ಸಮನಾಗಿ ಕೂರುತ್ತದೆಯೇ ಪರೀಕ್ಷಿಸಿ. ಇದಕ್ಕೆ ಮದ್ದಿಲ್ಲ. ಪಕ್ಕದ ಟ್ರಾಮಿಗೆ ಹರಡುವುದೂ ಇಲ್ಲ, ಆ ಭಯ ಬೇಡ. ಸೆಕೆ, ತೇವ ಹೆಚ್ಚಿದ್ದಲ್ಲಿ ಬೇಗ ಬೆಳೆಯುತ್ತದೆ. ಅಂಟು ತುಂಬಿ ಬಣ್ಣ ಬಳಿದು ಮುಚ್ಚುವವರಿದ್ದಾರೆ. ಒಳಗಿನ ಉಬ್ಬು ನಿಲ್ಲದ್ದರಿಂದ ಅಂಟು ಒಡೆದು ಹೊಸ ಬಿರುಕು ಬರುತ್ತದೆ.

ತೊಳೆಯುವುದು

ಒಂದು ಲೋಟ ಡಿಸ್ಟಿಲ್ಡ್ ನೀರಿಗೆ ಮೃದು ಸೋಪಿನ ದ್ರವ ಎರಡು ಹನಿ. ಹತ್ತಿಯ ಕಡ್ಡಿ ಅದ್ದಿ, ಹಿಂಡಿ, ಕಾಣದ ಜಾಗದಲ್ಲಿ ಮೊದಲು ಉಜ್ಜಿ ನೋಡಿ. ಕಡ್ಡಿಗೆ ಕೊಳೆಯ ಬೂದು ಬಣ್ಣ ಬಂದರೆ ಮುಂದುವರಿಸಿ, ಟ್ರಾಮಿನ ಬಣ್ಣವೇ ಬಂದರೆ ಅಲ್ಲೇ ನಿಲ್ಲಿಸಿ. ಒಂದು ಸಲಕ್ಕೆ ಒಂದಂಗುಲ ಜಾಗ, ಕೂಡಲೇ ಒಣಬಟ್ಟೆ. ಸ್ಪಿರಿಟ್, ತೆಳುಗೊಳಿಸುವ ಥಿನ್ನರ್, ಹಿತ್ತಾಳೆ ಪಾಲಿಶ್ ಯಾವುದೂ ಬಣ್ಣದ ಮೇಲೆ ಬೇಡ. ಸ್ಪಿರಿಟ್ ಅಚ್ಚಿನ ಬಣ್ಣವನ್ನೇ ಎಬ್ಬಿಸುತ್ತದೆ. ನೀರಿನಲ್ಲಿ ಮುಳುಗಿಸಲೂ ಬಾರದು, ತಗಡಿನ ಮಡಿಕೆಯೊಳಗೆ ಉಳಿದ ನೀರು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ತಗಡಿನ ಕಿವಿಗಳನ್ನು ಬಿಚ್ಚದಿರುವುದು ಎಲ್ಲಕ್ಕಿಂತ ಮೇಲು. ಒಮ್ಮೆ ಕಾರ್ಖಾನೆಯಲ್ಲಿ ಬಗ್ಗಿಸಿದ್ದಾರೆ. ನೀವು ನೇರ ಮಾಡಿ ಮತ್ತೆ ಬಗ್ಗಿಸಿದರೆ ಅಲ್ಲೇ ತುಂಡಾಗುವ ಸಂಭವ ಹೆಚ್ಚು. ಬಿಚ್ಚದೆ ವಿಧಿಯಿಲ್ಲದಿದ್ದರೆ ಪೂರ್ತಿ ನೇರ ಮಾಡಬೇಡಿ, ಸೀಳಿನಿಂದ ಹೊರಬರುವಷ್ಟು ಮಾತ್ರ ಎತ್ತಿ.

ಓಡಿಸುವ ಮುಂಚೆ

ಎಲ್ಲಕ್ಕಿಂತ ಮುಖ್ಯವಾದದ್ದು: ಹಳೆಯ ಕಾಲದ ಕೆಲವು ವಿದ್ಯುತ್ ಆಟಿಕೆಗಳು ಮನೆಯ ಕರೆಂಟಿನಿಂದಲೇ, ನಡುವೆ ಒಂದು ಬಲ್ಬನ್ನು ಸರಣಿಯಲ್ಲಿ ಕೂರಿಸಿ ಓಡುತ್ತಿದ್ದವು. ಹಳಿ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಮಾರ್ಕ್ಲಿನ್ 1926ರಲ್ಲಿ 20 ವೋಲ್ಟಿನ ಪದ್ಧತಿಗೆ ಬಂತು. ಅದಕ್ಕೂ ಹಿಂದಿನ ಮೂಲ ನಿಯಂತ್ರಕ ಸಿಕ್ಕಿದರೆ ಗಾಜಿನ ಕಪಾಟಿನಲ್ಲಿಡಿ, ಪ್ಲಗ್ಗಿಗೆ ಎಂದೂ ಸೇರಿಸಬೇಡಿ.

ಮೋಟಾರಿನ ಜಾತಿ ತಿಳಿಯಲು ಹೀಗೆ ಮಾಡಿ. ತಿರುಗುವ ಭಾಗದ ಹೊರಗೂ ತಾಮ್ರದ ತಂತಿಯ ಸುರುಳಿ ಇದ್ದರೆ ಅದು ಎ.ಸಿ., ಡಿ.ಸಿ. ಎರಡರಲ್ಲೂ ಓಡುತ್ತದೆ. ಸುರುಳಿ ಇಲ್ಲದೆ, ಕಬ್ಬಿಣದ ಪಿನ್ನನ್ನು ಎಳೆಯುವ ಅಯಸ್ಕಾಂತ ಇದ್ದರೆ ಡಿ.ಸಿ. ಮಾತ್ರ. ಎ.ಸಿ. ಕೊಟ್ಟರೆ ಗುಂಯ್‌ಗುಟ್ಟಿ ಬಿಸಿಯಾಗಿ ಸುಟ್ಟುಹೋಗುತ್ತದೆ.

ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಹೊರತೆಗೆದು, ಅದು ಉಜ್ಜುವ ಸೀಳುಸೀಳಾದ ತಾಮ್ರದ ಭಾಗವಾದ ಕಮ್ಯುಟೇಟರನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಆ ದ್ರವ ಬಣ್ಣಕ್ಕೆ ತಾಗದಿರಲಿ. ಸೀಳುಗಳಲ್ಲಿ ಕೂತ ಕರಿಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ. ಆ ಪುಡಿಯೇ ಎರಡು ಭಾಗಗಳ ನಡುವೆ ಶಾರ್ಟ್ ಮಾಡಿ ಮೋಟಾರನ್ನು ನಿಲ್ಲಿಸುವುದು. ಮರಳುಕಾಗದ ಬೇಡ, ಗೀರುಗಳಲ್ಲಿ ಬ್ರಶ್ ಬೇಗ ಸವೆಯುತ್ತದೆ. ಇರುಸಿನ ಪ್ರತಿ ತುದಿಗೆ ಸೂಜಿಮೊನೆಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಹೆಚ್ಚಾದರೆ ಅದು ಕಮ್ಯುಟೇಟರಿಗೆ ಹರಿದು ಕಾರ್ಬನ್ ಪುಡಿಯ ಜೊತೆ ಕೆಸರಾಗುತ್ತದೆ.

ಈಗ ಕರೆಂಟ್ ಮಿತಿಯನ್ನು ಎಚ್‌0ಗೆ 0.5 ಆಂಪಿಯರ್, ಗೇಜ್ 0ಗೆ 1.5 ಆಂಪಿಯರಿಗೆ ಇಟ್ಟು, 4 ವೋಲ್ಟಿನಿಂದ ನಿಧಾನಕ್ಕೆ ಏರಿಸಿ. ಮಿತಿ ತಲುಪಿಯೂ ಗಾಲಿ ತಿರುಗದಿದ್ದರೆ ಇನ್ನೂ ಏರಿಸಬೇಡಿ: ಹಳೆಯ ಎಣ್ಣೆ ಗಟ್ಟಿಯಾಗಿದೆ ಇಲ್ಲವೇ ಸುರುಳಿ ಶಾರ್ಟ್ ಆಗಿದೆ. ಕರೆಂಟೇ ಹರಿಯದಿದ್ದರೆ ಬ್ರಶ್, ತಂತಿ, ಗಾಲಿಯ ಕೊಳೆ ನೋಡಿ. ಮೇಲಿನ ತಂತಿಯಿಂದಲೂ ಕರೆಂಟ್ ತೆಗೆದುಕೊಳ್ಳಬಲ್ಲ ಟ್ರಾಮಾದರೆ ಅಡಿಯಲ್ಲೋ ಚಾವಣಿಯೊಳಗೋ ಒಂದು ಸಣ್ಣ ಸ್ವಿಚ್ ಇರಬಹುದು. ಅದು ‘ಮೇಲೆ’ ಇದ್ದರೆ ಹಳಿಯಿಂದ ಓಡುವುದಿಲ್ಲ. ಕೆಟ್ಟಿದೆ ಎಂದು ಬಿಚ್ಚಿದ ಎಷ್ಟೋ ಟ್ರಾಮುಗಳಲ್ಲಿ ಇದ್ದ ದೋಷ ಇಷ್ಟೇ. 1955ರಿಂದ ಲಯನೆಲ್ ಮಾರಿದ ನಂಬರ್ 60ರ ಟ್ರಾಮಿನಲ್ಲಿ ತುದಿಯ ತಡೆಗೆ ಡಿಕ್ಕಿ ಹೊಡೆದಾಗ ದಿಕ್ಕು ಬದಲಾಗುವ ವ್ಯವಸ್ಥೆಯಿದೆ. ನಡುವೆಯೇ ನಿಂತರೆ ಆ ಜಾರುವ ಸಂಪರ್ಕಪಟ್ಟಿ ಒರೆಸಿ.

ಕೀಲಿ ಕೊಡುವ ಟ್ರಾಮಿಗೆ ಮೊದಲು ಎರಡೇ ಸುತ್ತು. ವರ್ಷಗಟ್ಟಲೆ ಒಣಗಿದ ಸ್ಪ್ರಿಂಗಿಗೆ ಪೂರ್ತಿ ಕೀಲಿ ಕೊಟ್ಟರೆ ಕೊಕ್ಕೆಯ ಬಳಿ ಮುರಿಯುತ್ತದೆ. ಬಿಗಿದ ಸ್ಪ್ರಿಂಗ್ ಇರುವಾಗ ಯಂತ್ರ ಬಿಚ್ಚಿದರೆ ಬೆರಳು ಸೀಳುತ್ತದೆ.

ಇಡುವ ಜಾಗ

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲಕ್ಕೆ ಬರೀ ಗಾಜಿನ ಕಪಾಟು ಸಾಲದು. ಮುಚ್ಚಳ ಬಿಗಿಯಾದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಪುಟ್ಟ ತೇವಮಾಪಕ; 50 ಪ್ರತಿಶತದೊಳಗೆ ನಿಲ್ಲಿಸಿ. ಜೆಲ್ ಬಣ್ಣ ಬದಲಾದರೆ ಒಲೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಪಿ.ವಿ.ಸಿ. ಚೀಲ, ರಬ್ಬರ್ ಸ್ಪಂಜು ಬಣ್ಣಕ್ಕೆ ಅಂಟಿಕೊಳ್ಳುತ್ತವೆ, ಆಮ್ಲರಹಿತ ಕಾಗದದಲ್ಲಿ ಸುತ್ತಿಡಿ. ಟ್ರಾಮನ್ನು ಗಾಲಿಯ ಮೇಲೆ ನಿಲ್ಲಿಸದೆ ದೇಹದ ಅಡಿಗೆ ಮರದ ತುಂಡು ಕೊಟ್ಟು ಎತ್ತಿಡಿ. ಹಾಗೆ ಮಾಡಿದರೆ ರಬ್ಬರ್ ಪಟ್ಟಿ ಇರುವ ಗಾಲಿಗಳಲ್ಲಿ ಚಪ್ಪಟೆ ಗುರುತು ಬೀಳುವುದಿಲ್ಲ.