ಗೊಂತಿನ ಕೆಳಗೆ ಬೀಳುತ್ತಿದ್ದ ಹುಲ್ಲು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ಹಸುಗಳು, ಒಂದು ಜೆರ್ಸಿ ಮಿಶ್ರತಳಿಯ ಹಸು ಮತ್ತು ಅದರ ಕಡಸು ಇವೆ. ಗದ್ದೆಯ ಅರ್ಧ ಭಾಗ ಅಡಿಕೆ ತೋಟವಾದ ಮೇಲೆ ನಮ್ಮದೇ ಬೈಹುಲ್ಲು ವರ್ಷವಿಡೀ ಸಾಲದಾಯಿತು. ಮಾರ್ಚ್ ತಿಂಗಳು ಬರುವಷ್ಟರಲ್ಲಿ ಒಟ್ಟಿಟ್ಟ ಹುಲ್ಲಿನ ಗೊಣಬೆ ಕರಗಿ, ಬಯಲು ಸೀಮೆಯಿಂದ ಲಾರಿಯಲ್ಲಿ ಬರುವ ಹುಲ್ಲನ್ನು ಕೊಳ್ಳುವುದು ಅನಿವಾರ್ಯವಾಗುತ್ತಿತ್ತು. ಮನೆಯ ಗದ್ದೆಯ ಹುಲ್ಲು ಹಸುವಿನ ಕಾಲಡಿಗೆ ಬಿದ್ದಾಗ ಕಾಣದಿದ್ದ ನಷ್ಟ, ದುಡ್ಡು ಕೊಟ್ಟು ತಂದ ಹುಲ್ಲು ಬಿದ್ದಾಗ ಕಂಡಿತು.

ಮೊದಲು ಎಷ್ಟು ಹಾಳಾಗುತ್ತಿದೆ ಎಂಬುದನ್ನು ತಿಳಿಯಬೇಕಿತ್ತು. ಒಂದು ವಾರ ಪ್ರತಿದಿನವೂ ಹಾಕುವ ಹುಲ್ಲನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿದೆ. ಮರುದಿನ ಬೆಳಿಗ್ಗೆ ಕೆಳಗೆ ಬಿದ್ದದ್ದನ್ನು ಹೆಡಿಗೆಗೆ ತುಂಬಿ, ಗಂಜಲ ಹೀರಿಕೊಂಡ ಹುಲ್ಲಿನ ತೂಕ ಲೆಕ್ಕವನ್ನು ತಪ್ಪಿಸುವುದರಿಂದ ಅಂಗಳದಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ತೂಗಿದೆ. ದಿನಕ್ಕೆ ಸುಮಾರು 16 ಕಿಲೋ ಹಾಕಿದರೆ ನಾಲ್ಕು ಕಿಲೋದಷ್ಟು ಕಾಲಡಿಯಲ್ಲಿ ಸಿಗುತ್ತಿತ್ತು. ಹಾಕಿದ ಹುಲ್ಲಿನ ಕಾಲು ಭಾಗವನ್ನು ಹಸುಗಳು ತಿನ್ನುತ್ತಲೇ ಇರಲಿಲ್ಲ.

ಇದನ್ನು ಹೇಳಿದಾಗ ಅಮ್ಮ, "ಕೆಳಗೆ ಬಿದ್ದದ್ದು ಗೊಬ್ಬರದ ಗುಂಡಿಗೆ ಹೋಗ್ತದಲ್ಲ ಮಾರಾಯ, ಹಾಳು ಹೇಗಾಗ್ತದೆ?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ, ಏಕೆಂದರೆ ಮಲೆನಾಡಿನ ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿಗೆ ಹಾಸುವ ಹಾಸಿಗೆಯೂ ಒಂದು ಬೆಳೆಯೇ. ತೋಟಕ್ಕೆ ಗೊಬ್ಬರ ಬರುವುದು ಅಲ್ಲಿಂದ. ಆದರೆ ಆ ಹಾಸಿಗೆಗೆ ಬೆಟ್ಟದ ಸೊಪ್ಪು ಮತ್ತು ಬೇಸಿಗೆಯಲ್ಲಿ ಗುಡಿಸಿ ತರುವ ಒಣ ಎಲೆಯ ದರಗು ಇರುವಾಗ, ಹಸುವಿನ ಹೊಟ್ಟೆ ಸೇರಬೇಕಾದ ಹುಲ್ಲನ್ನು ಹಾಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ದರಗನ್ನು ಹಸು ತಿನ್ನುವುದಿಲ್ಲ, ಹುಲ್ಲನ್ನು ತಿನ್ನುತ್ತದೆ.

ಬಳಿಕ ಕೆಲವು ಸಂಜೆ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತು ಹಸುಗಳು ತಿನ್ನುವ ಬಗೆಯನ್ನೇ ನೋಡಿದೆ. ಹಸು ಮೇವು ಹಾಕುವ ಗೊಂತಿನಿಂದ ಒಂದು ಹಿಡಿ ಹುಲ್ಲನ್ನು ಬಾಯಿಯಲ್ಲಿ ಎಳೆದು, ತಲೆಯನ್ನು ಮೇಲೆತ್ತಿ ಕೊಡವಿ, ಎರಡು ಹೆಜ್ಜೆ ಹಿಂದೆ ಸರಿದು ಅಗಿಯುತ್ತದೆ. ಬಾಯಿಯಿಂದ ಜಾರಿದ್ದೆಲ್ಲವೂ ಮುಂಗಾಲಿನ ಬಳಿ ಬೀಳುತ್ತದೆ. ಒಮ್ಮೆ ಸಗಣಿ ಗಂಜಲ ತಾಗಿದ ಹುಲ್ಲನ್ನು ಎಷ್ಟೇ ಹಸಿದರೂ ಅದು ಮೂಸಿ ಬಿಡುತ್ತದೆ. ಅಂದರೆ ಹುಲ್ಲು ಹಾಳಾಗಲು ಹಸುವಿನ ಹಟ ಕಾರಣವಲ್ಲ, ಅಗಿಯುವಾಗ ಅದರ ತಲೆ ಎಲ್ಲಿರುತ್ತದೆ ಎಂಬುದು ಕಾರಣ. ಹಗ್ಗವನ್ನು ಗಿಡ್ಡ ಮಾಡಿದರೆ ಹಿಂದೆ ಸರಿಯಲಾಗದು ನಿಜ, ಆದರೆ ಆಗ ಹಸು ಮಲಗಲಾರದು. ಮಲಗಿ ಮೆಲುಕು ಹಾಕದ ಹಸುವಿನಿಂದ ಹಾಲನ್ನು ನಿರೀಕ್ಷಿಸುವುದು ತಪ್ಪು.

ಆದ್ದರಿಂದ ಗೊಂತಿನ ಮುಂದೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ನೆಟ್ಟಗೆ ನಿಲ್ಲಿಸಿದೆ. ಮೊದಲ ಸಲ ಮೇಲೆ ಅಡ್ಡಪಟ್ಟಿ ಕಟ್ಟಿ, ಎಲ್ಲ ಹಸುಗಳಿಗೂ ಒಂದೇ ಅಳತೆಯ ಸಂದು ಬಿಟ್ಟಿದ್ದು ನನ್ನ ತಪ್ಪು. ಮೂರನೆಯ ರಾತ್ರಿ ಗಿಡ್ಡ ಹಸುವಿನ ಕೊಂಬು ಅಡ್ಡಪಟ್ಟಿಗೆ ಸಿಕ್ಕಿಕೊಂಡು ಅದು ಗಾಬರಿಯಿಂದ ಒದ್ದಾಡಿತು. ಸದ್ದು ಕೇಳಿ ಓಡಿಹೋಗಿ ಹಗ್ಗ ಕೊಯ್ದು ಬಿಡಿಸಿದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನವೇ ಅಡ್ಡಪಟ್ಟಿಯನ್ನು ತೆಗೆದು, ದಬ್ಬೆಗಳನ್ನು ಗೊಂತಿನ ಅಂಚಿನಿಂದ ಒಂದೂವರೆ ಅಡಿಯಷ್ಟೇ ಎತ್ತರಕ್ಕೆ ಕತ್ತರಿಸಿ, ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವಂತೆ ಓರೆಯಾಗಿ ನಿಲ್ಲಿಸಿದೆ. ಈಗ ಹಸು ಮೇಲಿನಿಂದ ತಲೆಯಿಳಿಸಿ ತಿನ್ನುತ್ತದೆ, ತಲೆಯನ್ನು ಹೊರಗೆಳೆಯಲು ಕತ್ತನ್ನು ಪೂರಾ ಎತ್ತಬೇಕಾದ್ದರಿಂದ ಅಲ್ಲಿಯೇ ನಿಂತು ಅಗಿಯುತ್ತದೆ, ಜಾರಿದ ಹುಲ್ಲು ಮತ್ತೆ ಗೊಂತಿಗೇ ಬೀಳುತ್ತದೆ. ದಬ್ಬೆಗಳನ್ನು ಮೊಳೆ ಹೊಡೆಯದೆ ತೆಂಗಿನ ಹಗ್ಗದಲ್ಲಿಯೇ ಬಿಗಿದಿದ್ದೇನೆ, ಏಕೆಂದರೆ ಕಳಚಿದ ಮೊಳೆ ಹುಲ್ಲಿನೊಡನೆ ಹಸುವಿನ ಹೊಟ್ಟೆಗೆ ಹೋದರೆ ಅಲ್ಲಿಂದ ಹೃದಯದವರೆಗೂ ಚುಚ್ಚಿಕೊಂಡು ಹೋಗಬಲ್ಲದು. ಯಂತ್ರದಲ್ಲಿ ಸುತ್ತಿದ ಹುಲ್ಲಿನ ಉರುಳೆಯ ಪ್ಲಾಸ್ಟಿಕ್ ದಾರವನ್ನೂ ಇದೇ ಎಚ್ಚರದಿಂದ ಎಣಿಸಿ ತೆಗೆಯುತ್ತೇನೆ.

ಹೊತ್ತಿಗೊಮ್ಮೆ ಸ್ವಲ್ಪ ಹಾಕುವುದರಿಂದಲೂ ಲಾಭವಾಯಿತು. ಸಂಜೆ ಒಂದೇ ಸಲ ಹೊರೆ ಸುರಿದರೆ ಹಸುಗಳು ಮೆದು ಎಳೆಗಳನ್ನು ಆರಿಸಿ, ಬುಡದ ಒರಟು ಕಡ್ಡಿಯನ್ನು ಹೊರಗೆ ದೂಡುತ್ತವೆ. ಮೂರು ಪಾಲು ಮಾಡಿ, ಮೊದಲ ಪಾಲು ಮುಗಿದ ಮೇಲೆ ಎರಡನೆಯದನ್ನು ಕೊಟ್ಟರೆ ಆರಿಸುವುದು ಕಡಿಮೆ. ಕೈಯಿಂದ ಕೊಯ್ದ ಗದ್ದೆಯ ಉದ್ದ ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಿ, ನೇಪಿಯರ್ ಹಸಿ ಹುಲ್ಲಿನೊಂದಿಗೆ ಬೆರೆಸಿ, ಸ್ವಲ್ಪ ಉಪ್ಪು ನೀರು ಚಿಮುಕಿಸುತ್ತೇನೆ. ಅದಕ್ಕಿಂತ ಸಣ್ಣಗೆ ಕತ್ತರಿಸುವುದಿಲ್ಲ, ಮೆಲುಕಿಗೆ ಉದ್ದ ಬೇಕು. ನೀರು ಚಿಮುಕಿಸಿದ ಹುಲ್ಲು ಆ ಹೊತ್ತಿಗೇ ಮುಗಿಯಬೇಕು, ಉಳಿದರೆ ಹುಳಿ ವಾಸನೆ ಬರುತ್ತದೆ.

ಗೊಂತಿನಲ್ಲಿ ಉಳಿಸಿದ್ದನ್ನು ಮಳೆಗಾಲ ಗೊಣಬೆಯಲ್ಲಿ ಕಸಿದುಕೊಳ್ಳಬಾರದಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುತ್ತದೆ. ಹಿಂದೆ ಬೇಕಾದ ಕಡೆಯಿಂದೆಲ್ಲ ಹುಲ್ಲು ಎಳೆಯುತ್ತಿದ್ದುದರಿಂದ ಗೊಣಬೆಯಲ್ಲಿ ಪೊಟರೆಗಳಾಗಿ ನೀರು ಒಳಗಿಳಿಯುತ್ತಿತ್ತು. ಈಗ ಕಲ್ಲುಗಳ ಮೇಲೆ ಅಡಿಕೆ ಮರ ಹಾಸಿ ಮೊಣಕಾಲೆತ್ತರದ ಅಟ್ಟ ಮಾಡಿ ಅದರ ಮೇಲೆ ಒಟ್ಟುತ್ತೇನೆ, ಮಳೆ ಹೊಡೆಯದ ಪೂರ್ವದ ಒಂದೇ ಮಗ್ಗುಲಿನಿಂದ ಮೇಲಿನಿಂದ ಕೆಳಕ್ಕೆ ತೆಗೆಯುತ್ತೇನೆ. ಬೂಸ್ಟು ಹಿಡಿದ ಹುಲ್ಲನ್ನು ಮಾತ್ರ ಎಷ್ಟು ಕೊರತೆಯಿದ್ದರೂ ಹಾಕುವುದಿಲ್ಲ. ಬೂಸ್ಟಿನ ಕೆಲವು ವಿಷಗಳು ಹಾಲಿಗೂ ಇಳಿಯುತ್ತವೆ. ಅದು ನೇರ ಗೊಬ್ಬರದ ಗುಂಡಿಗೆ.

ಕಳೆದ ಬೇಸಿಗೆಯಲ್ಲಿ ಮತ್ತೆ ಒಂದು ವಾರ ತೂಗಿದಾಗ ಕಾಲಡಿಯಲ್ಲಿ ಸಿಕ್ಕಿದ್ದು ದಿನಕ್ಕೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಹೆಚ್ಚಿನದು ಕಡಸಿನ ಜಾಗದ್ದು. ಅದರ ಕತ್ತು ಇನ್ನೂ ಸಣ್ಣದಿರುವುದರಿಂದ ದಬ್ಬೆಗಳ ಸಂದಿನಲ್ಲಿ ಸಲೀಸಾಗಿ ಹಿಂದೆ ಸರಿಯುತ್ತದೆ. ಆ ಜಾಗಕ್ಕೆ ಇನ್ನೊಂದು ದಬ್ಬೆಯನ್ನು ಸೀಳಿಟ್ಟಿದ್ದೇನೆ.