ಮನೆಯ ಕೋವಿಗೆ ಬೀಗ ಹಾಕಿದಿರಿ, ಕೀಲಿ ಎಲ್ಲಿದೆ?

ಮಲೆನಾಡಿನ ಹಳೆಯ ಮನೆಗಳಲ್ಲಿ ಕೋವಿಯ ಜಾಗ ಜಗಲಿಯ ಗೋಡೆ. ನಮ್ಮಜ್ಜನ ಮನೆಯಲ್ಲೂ ಎರಡು ಮೊಳೆಯ ಮೇಲೆ ನೇತಾಡುತ್ತಿತ್ತು. ತೋಟಕ್ಕೆ ಹಂದಿ ನುಗ್ಗಿದರೆ ತಕ್ಷಣ ಕೈಗೆ ಸಿಗಬೇಕಲ್ವಾ? ಆದರೆ ಅಜ್ಜನ ಕೈಗೆ ಸಿಗುವ ಕೋವಿ, ಸ್ಟೂಲ್ ಹತ್ತಿದ ಮೊಮ್ಮಗನ ಕೈಗೂ ಸಿಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ಬಂದ ಮೇಲೆ, ಲೈಸೆನ್ಸ್‌ಗೆ ಅರ್ಜಿ ಹಾಕುವವರು ಕೋವಿಯನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇವೆ ಎಂದು ಬರೆದುಕೊಡಬೇಕು. ಲೈಸೆನ್ಸ್‌ನ ಷರತ್ತು ಮುರಿದರೆ 6 ತಿಂಗಳವರೆಗೆ ಜೈಲು ಆಗಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅಲ್ಲೂ ಮನೆಯಲ್ಲಿ ಮಕ್ಕಳಿರುತ್ತಾರೆ. ಹಾಗಾಗಿ ಮುಂದಿನ ಮಾತು ಎಲ್ಲರಿಗೂ.

ಮೊದಲು ಖಾಲಿ ಮಾಡಿ

ನಳಿಕೆಯ ಬಾಯಿ ಯಾರ ಕಡೆಗೂ ಇರಬಾರದು. ಜೋಡಿ ನಳಿಕೆಯಾದರೆ ಮಡಚಿ, ಎರಡೂ ತೋಟಾ ತೆಗೆಯಿರಿ. ಕಣ್ಣಲ್ಲಿ ನೋಡಿದ್ದು ಸಾಲದು, ಬೆರಳು ಹಾಕಿಯೂ ನೋಡಿ.

ನಳಿಕೆಯ ಬಾಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಸಿಡಿಯುವ ಟೋಪಿಯಿಂದ ಹೊತ್ತಿಸುವ ಕೇಪಿನ ಕೋವಿಗೆ ಜಾಸ್ತಿ ಎಚ್ಚರ ಬೇಕು. ಒಮ್ಮೆ ಮದ್ದು ತುಂಬಿದರೆ ತೆಗೆಯುವುದು ಕಷ್ಟ. ಅದಕ್ಕೇ ಎಷ್ಟೋ ಮನೆಗಳಲ್ಲಿ ಅದು ತುಂಬಿದಂತೆಯೇ ಮೂಲೆಯಲ್ಲಿ ನಿಂತಿರುತ್ತದೆ. ಒಂದು ಉಪಾಯವಿದೆ. ನಳಿಕೆ ಖಾಲಿ ಇದ್ದಾಗ ಮದ್ದು ತುಂಬುವ ಸರಳನ್ನು ತಳದವರೆಗೆ ಇಳಿಸಿ, ನಳಿಕೆಯ ಅಂಚಿಗೆ ಸರಿಯಾಗಿ ಅದರ ಮೇಲೆ ಗುರುತು ಹಾಕಿ. ಮುಂದೆ ಯಾವಾಗ ನೋಡುವುದಾದರೂ ಮೊದಲು ಕೇಪು ತೆಗೆದು, ಆಮೇಲೆ ಸರಳು ಇಳಿಸಿ. ಗುರುತು ಅಂಚಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಆಗ ಮದ್ದನ್ನು ನೀವೇ ಕೆದಕಬೇಡಿ, ತಿಳಿದವರ ಕೈಲಿ ತೆಗೆಸಿ.

ನಂತರ ಒರೆಸಿ ಎಣ್ಣೆ ಹಚ್ಚಿ. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ.

ಬೀಗ ಎರಡು ಇರಲಿ

ಕೋವಿಗೆ ಉಕ್ಕಿನ ಬೀರು, ಅದನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ. ಇಲ್ಲದಿದ್ದರೆ ಕಳ್ಳರು ಬೀರುವನ್ನೇ ಹೊತ್ತೊಯ್ಯುತ್ತಾರೆ. ಬಿಚ್ಚಲು ಬರುವ ಕೋವಿಯಾದರೆ ನಳಿಕೆ ಬೇರೆ, ಹಿಡಿ ಬೇರೆ ಮಾಡಿ ಇಡಿ. ತೋಟಾ, ಕೇಪು, ಮದ್ದು ಇನ್ನೊಂದು ಕಡೆ, ಬೇರೆ ಬೀಗದಲ್ಲಿ. ಮದ್ದು ಅಡುಗೆಮನೆಯ ಒಲೆಯ ಹತ್ತಿರ ಸುತರಾಂ ಬೇಡ.

ಎಲ್ಲ ಮಾಡಿ, ಕೀಲಿಯನ್ನು ದೇವರ ಫೋಟೊ ಹಿಂದೆ ಇಡುವವರಿದ್ದಾರೆ. ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ಮಕ್ಕಳಿಗೆ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿರುವ ಕೀಲಿ ಇದ್ದರೂ ಒಂದೇ, ಬೀಗ ಇಲ್ಲದಿದ್ದರೂ ಒಂದೇ. ಕೋವಿ ಯಾರ ಹೆಸರಲ್ಲಿದೆಯೋ ಅವರ ಮೈಮೇಲೇ ಕೀಲಿ ಇರಲಿ. ನಂಬರ್ ಬೀಗವಾದರೆ ಹುಟ್ಟಿದ ದಿನಾಂಕ ಬೇಡ.

ಮನೆಯಲ್ಲಿ ಇರಬಾರದ ಹೊತ್ತು

ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ಕುಡಿತ ಜಾಸ್ತಿಯಾಗಿದ್ದರೆ, ಕೋವಿ ಕೆಲವು ದಿನ ಮನೆಯಿಂದ ಹೊರಗಿರಲಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಒಪ್ಪಿಸುವ ಬಗ್ಗೆ ವಿಚಾರಿಸಿ. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರುವುದು ನಮಗೆ ರೂಢಿಯೇ ಇದೆ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಕೋವಿ ಕಳವಾದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿ ಸುಮ್ನೆ ಮಗನದಾಗುವುದಿಲ್ಲ. ಅದನ್ನು ಠಾಣೆಗೋ ಅಂಗಡಿಗೋ ಒಪ್ಪಿಸಿ, ರಸೀದಿ ತೆಗೆದುಕೊಂಡು, ಆಮೇಲೆ ಮಗ ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು.